ನೀಲಿ ಡಬ್ಬಿಯಲ್ಲಿ ಅಮ್ಮನ ಹಲ್ಲು

ಒದ್ದೆ ರಟ್ಟಿನ ವಾಸನೆ, ಅಪಾರ್ಟ್‌ಮೆಂಟಿನ ಒಣಕಸದ ನೀಲಿ ಡಬ್ಬಿಯೊಳಗೆ ಸೊಂಟದವರೆಗೆ ಬಗ್ಗಿದ್ದೇನೆ, ಕೈಗೆ ಸಿಗುವುದೆಲ್ಲ ಕಾಗದ, ಔಷಧಿ ಅಂಗಡಿಯ ಚೀಟಿ, ಯಾರದೋ ಮಗುವಿನ ಹರಿದ ಕಾಪಿ ಪುಸ್ತಕ, ಪಿನ್ ತೆಗೆದು ಹಾಕಿ ಅಂತ ಎಷ್ಟು ಸಲ ಹೇಳಿದ್ದೆ — ಈಗಲೂ ಪಿನ್ನಿನ ಯೋಚನೆಯೇ, ಥೂ ನನ್ನ ಜನ್ಮಕ್ಕೆ, ಎರಡನೇ ಮಹಡಿಯಲ್ಲಿ ಅಮ್ಮ ಸತ್ತು ಒಂದು ಗಂಟೆಯಾಯಿತು, ಅವಳ ಹಲ್ಲಿನ ಸೆಟ್ಟು ಈ ಡಬ್ಬಿಯಲ್ಲಿದೆ, ನಾನೇ ಹಾಕಿದ್ದು. ಒಸಡು ನೋಯುತ್ತೆ ಅಂತ ನಿನ್ನೆ ಸಂಜೆ ತೆಗೆದು ಪೇಪರಿನಲ್ಲಿ ಸುತ್ತಿಟ್ಟಿದ್ರು, ನೀವು ನೋಡಿಲ್ವಾ ಅಕ್ಕ, ಎಂದಳು ಮನೆಯಲ್ಲಿ ಅಮ್ಮನನ್ನು ನೋಡಿಕೊಳ್ಳುವ ನರ್ಸು, ನೋಡಿದ್ದೆ, ದಿಂಬಿನ ಪಕ್ಕದ ಮುದುರಿದ ಪೇಪರು, ರಾತ್ರಿಯೇ ಬಿಚ್ಚದೆ ಚೀಲಕ್ಕೆ ಹಾಕಿ ಕೆಳಗೆ ತಂದು ಸುರಿದೆ, ಸುತ್ತಿದ ಪೊಟ್ಟಣ ಹಾಕಬೇಡಿ, ಬಿಚ್ಚಿ ಹಾಕಿ ಎಂದು ಈ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದವಳು, ಹೇಳೋದು ಆಚಾರ ತಿನ್ನೋದು ಬದನೆಕಾಯಿ. ಕೈಗೆ ಗಟ್ಟಿಯಾಗಿ ತಗುಲಿರಬೇಕು, ಗಮನವೆಲ್ಲಿತ್ತು, ಫೋನು ಕಿವಿಗೆ ಸಿಕ್ಕಿಸಿಕೊಂಡು ಮೂರನೇ ಮಹಡಿಯವರು ಬಾಟಲಿ ತೊಳೆಯದೆ ಹಾಕ್ತಾರೆ ಅಂತ ಸೆಕ್ರೆಟರಿಗೆ ದೂರು ಹೇಳುತ್ತಿದ್ದೆ. ಬೇಗ ಹಾಕಿಬಿಡಿ ಅಕ್ಕ, ಇನ್ನು ಸ್ವಲ್ಪ ಹೊತ್ತಿಗೆ ದವಡೆ ಬಿಗಿದುಕೊಳ್ಳತ್ತೆ, ಆಮೇಲೆ ಆಗಲ್ಲ, ಎಂದಿದ್ದಳು ನರ್ಸು. ಹಲ್ಲಿಲ್ಲದ ಬಾಯನ್ನು ಅಮ್ಮ ಅಪ್ಪನಿಗೂ ತೋರಿಸಿದವಳಲ್ಲ, ದೀಪ ಆರಿಸಿ ತೆಗೆಯುತ್ತಿದ್ದಳು, ಬೆಳಕಾಗುವ ಮೊದಲೇ ಹಾಕಿಕೊಳ್ಳುತ್ತಿದ್ದಳು, ನಾನು ಸತ್ತ ಮೇಲೂ ಬೋಳು ಬಾಯಲ್ಲಿ ಮಲಗಿಸಬೇಡ ಕಣೇ, ಜನ ನೋಡ್ತಾರೆ, ನಗುತ್ತಲೇ ಹೇಳಿದ್ದು, ಆಯ್ತಮ್ಮಾ ಆಯ್ತು ಎಂದಿದ್ದೆ, ಜನ್ಮದಲ್ಲಿ ನನ್ನ ಹತ್ತಿರ ಕೇಳಿದ್ದು ಅದೊಂದೇ. ಅಣ್ಣ ಹೊರಟಿದ್ದಾನೆ, ಅರ್ಧ ದಾರಿಗೆ ಬಂದಿದ್ದಾನಂತೆ.

ಏನ್ ಹುಡುಕ್ತಿದೀರಿ ಮೇಡಂ — ಮೂರನೇ ಮಹಡಿಯವರು, ಅವರೇ, ಹೋದ ತಿಂಗಳು ಅವರ ಕಸದ ಚೀಲ ಹೊತ್ತುಕೊಂಡು ಹೋಗಿ, ಮನೆಗೆ ಬಂದಿದ್ದ ಬೀಗರ ಎದುರಿಗೇ ಬಾಗಿಲಲ್ಲಿಟ್ಟು ಬಂದಿದ್ದೆ, ಕಸದ ಇನ್‌ಸ್ಪೆಕ್ಟರು ಎಂದು ನನಗೆ ಹೆಸರಿಟ್ಟವರೂ ಅವರೇ ಇರಬೇಕು. ಅಮ್ಮನ ಹಲ್ಲು, ಎಂದೆ, ಅಮ್ಮ ಹೋದ್ರು, ಎಂದೆ, ಯಾವುದನ್ನು ಮೊದಲು ಹೇಳಿದೆನೋ. ಅವರು ಅಂಗಿಯ ತೋಳು ಮಡಚಿ ಡಬ್ಬಿಯನ್ನು ಅಡ್ಡ ಮಲಗಿಸಿದರು, ಮಂಡಿಯೂರಿ ಒಂದೊಂದೇ ಮುದ್ದೆ ಬಿಚ್ಚತೊಡಗಿದರು, ಎರಡು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಎಲ್ಲಾ ಚಪ್ಪಟೆ ಆಗಿದೆಯಲ್ಲ ಮೇಡಂ. ಹೌದು, ಮುಚ್ಚಳ ಕೂರಲಿ ಎಂದು ದಿನಾ ಸ್ಟೂಲು ಹತ್ತಿ ನಾನೇ ಒಳಗಿಳಿದು ತುಳಿಯುತ್ತೇನೆ, ಇವತ್ತೂ ತುಳಿದೆ, ಬೆಳಿಗ್ಗೆ ಆರು ಗಂಟೆಗೆ, ಅಮ್ಮನಿಗಿನ್ನೂ ಉಸಿರಿತ್ತು, ಕಾಲ ಕೆಳಗೆ ಏನೋ ಲಟಕ್ಕೆಂದಿತು, ಯಾರೋ ಪ್ಲಾಸ್ಟಿಕ್ ಹಾಕಿದ್ದಾರೆ ಎಂದು ಶಪಿಸುತ್ತಾ ಇನ್ನೊಮ್ಮೆ ತುಳಿದೆ — ಸಿಕ್ತು ಮೇಡಂ. ಹರಿದ ಪೇಪರಿನಿಂದ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದಾರೆ, ಜೋಡಿಸಿ ಇಟ್ರೆ ಗೊತ್ತಾಗಲ್ಲ, ಏಳಿ, ಇನ್ನೂ ಹೊತ್ತಿದೆ, ಏಳಬೇಕು, ಮೆಟ್ಟಿಲು ಹತ್ತಬೇಕು, ಅಂಗೈಯಲ್ಲಿ ಎರಡು ತುಂಡು, ಮುಂದಿನ ಎರಡು ಹಲ್ಲುಗಳ ನಡುವೆ ಸೀಳು, ಸೀಳಿನಲ್ಲಿ ಮಣ್ಣು, ನನ್ನ ಚಪ್ಪಲಿಯ ಮಣ್ಣು, ಉಗುರಿನಿಂದ ಕೆರೆಯುತ್ತೇನೆ, ಹೋಗುತ್ತಿಲ್ಲ, ಅಮ್ಮನ ಹಲ್ಲು, ನನ್ನ ಚಪ್ಪಲಿಯ ಮಣ್ಣು, ಕೆರೆಯುತ್ತೇನೆ, ಅಮ್ಮನ ಹಲ್ಲು, ಚಪ್ಪಲಿಯ ಮಣ್ಣು —