ಬಂದೇಅಲಿ ಎಂಬವನು ಈ ವಿಳಾಸದಲ್ಲಿಲ್ಲ

ದೇವಿಂದ್ರಪ್ಪನ ಕ್ಷಮೆಯನ್ನು ನಾನು ಇವತ್ತಿನವರೆಗೂ ಕೇಳಿಲ್ಲ, ಇನ್ನು ಮೇಲೆ ಕೇಳುವುದೂ ಇಲ್ಲ. ತಪ್ಪು ನನ್ನದೇ ಅಂತ ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೇನು, ಬಾಯಿ ಬರುವುದಿಲ್ಲ. ನನ್ನ ಗುಣವೇ ಅಂಥದ್ದು, ಬೇಕಾದರೆ ಬೈದುಕೊಳ್ಳಿ.

ಎಪ್ಪತ್ತನೇ ಇಸವಿಯ ಮಾತು. ಶಹಾಬಾದಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ನಾವಿಬ್ಬರೂ ಒಂದೇ ಮಷಿನ್ನಿನ ಆಚೆ ಈಚೆ ನಿಂತು ದುಡಿಯುತ್ತಿದ್ದೆವು. ಇಬ್ಬರಿಗೂ ಇಪ್ಪತ್ನಾಲ್ಕು ವಯಸ್ಸು, ಇಬ್ಬರಿಗೂ ಮದುವೆಯಿಲ್ಲ. ಒಂದು ಭಾನುವಾರ ವಾಡಿ ಜಂಕ್ಷನ್ನಿನಲ್ಲಿ ಇಬ್ಬರು ಪರದೇಶಿ ಹುಡುಗರು ಗಾಡಿ ತಪ್ಪಿಸಿಕೊಂಡು ಕೂತಿದ್ದರು. ಬೆನ್ನಿಗೆ ಒಂದೊಂದು ಚೀಲ, ಕಾಲಿಗೆ ಹರಿದ ಬೂಟು. ಜರ್ಮನಿಯಿಂದ ಹೊರಟು ಎಂಟು ತಿಂಗಳಾಯಿತು, ಲೋಕವನ್ನೆಲ್ಲ ಒಂದು ಸುತ್ತು ಹಾಕಿ ಊರು ಸೇರುತ್ತೇವೆ ಅಂದರು. ಬರುವಾಗ ದೇವಿಂದ್ರಪ್ಪ, ಅವರ ಕಾಲೇನು ಕಬ್ಬಿಣದ್ದೇ ಎಂದು ಕೇಳಿದ. ನಾವೂ ಲೋಕ ಸುತ್ತಲು ಹೊರಡುವುದಕ್ಕೆ ಅಷ್ಟು ಸಾಕಾಯಿತು.

ಶಾಲೆಯ ಭೂಪಟ ತಂದು ದೇವಿಂದ್ರಪ್ಪನ ಮನೆಯ ನೆಲದ ಮೇಲೆ ಹಾಸಿದೆವು. ಮುಂಬಯಿಯಿಂದ ಹಡಗಿನಲ್ಲಿ ಬಸ್ರಾ, ಅಲ್ಲಿಂದ ಬಾಗ್ದಾದ್, ತುರ್ಕಿ, ಯುರೋಪು, ಅಮೆರಿಕ, ಜಪಾನು, ಕೊನೆಗೆ ಕಲ್ಕತ್ತೆ. ಎರಡೂವರೆ ವರ್ಷ. ದರ್ಜಿ ಗುಲಾಮ ದಸ್ತಗೀರ ದಪ್ಪ ತಾಡಪತ್ರಿಯಲ್ಲಿ ಎರಡು ಚೀಲ ಹೊಲಿದುಕೊಟ್ಟ. ಅವುಗಳಲ್ಲಿ ಕಲ್ಲಿನ ಚೂರು ತುಂಬಿ ಪ್ರತಿ ಭಾನುವಾರ ನಡೆದೆವು. ಮೊದಲು ವಾಡಿ, ಆಮೇಲೆ ಚಿತ್ತಾಪುರ, ಚಳಿಗಾಲದಲ್ಲಿ ಎರಡು ದಿನ ನಡೆದು ಕಾಳಗಿ. ಊರವರು ನಗುತ್ತಿದ್ದರು. ದೇಶ ಸುತ್ತು ಕೋಶ ಓದು ಅಂತಾರೆ, ಇವರು ಕಲ್ಲು ಹೊತ್ತು ಊರು ಸುತ್ತುತ್ತಾರೆ ಎಂದು ಚಹಾದಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನನಗೆ ಮಾತ್ರ ಹೆಗಲು ತರಚಿದ ಜಾಗ ಉರಿಯುವಾಗಲೂ ಸಂತೋಷವಾಗುತ್ತಿತ್ತು. ಆ ಧೂಳು, ಆ ಮಷಿನ್ನಿನ ಕಿರುಚಾಟ ಬಿಟ್ಟು ಹೋಗುತ್ತೇನೆ ಎಂಬುದೊಂದೇ ತಲೆಯಲ್ಲಿತ್ತು. ಬೇರೆ ಏನೂ ಬೇಕಿರಲಿಲ್ಲ.

ಇಬ್ಬರೂ ಒಂದೇ ದಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆವು. ಅದರ ನಡುವೆ ಒಂದು ಜಗಳವಾಯಿತು. ದಾರಿಯಲ್ಲಿ ಕಂಡವರಿಗೆ ಕೊಡಲು ದೇವಿಂದ್ರಪ್ಪ ಗುಲಬರ್ಗಾದಲ್ಲಿ ಕಾರ್ಡು ಅಚ್ಚು ಹಾಕಿಸಿಕೊಂಡು ಬಂದ. ಅವನ ಹೆಸರು ಮೇಲೆ, ನನ್ನದು ಕೆಳಗೆ, ಅದೂ ಸಣ್ಣ ಅಕ್ಷರದಲ್ಲಿ. ನಾನೇನು ನಿನ್ನ ಹಮಾಲನೋ ಎಂದು ಕೇಳಿದೆ. ಅಚ್ಚಿನವನು ಮಾಡಿದ್ದು ಅಂದ. ಐದು ದಿನ ಒಂದೇ ಮಷಿನ್ನಿನ ಎರಡು ಬದಿಗೆ ಮಾತಿಲ್ಲದೆ ನಿಂತೆವು.

ಅದೇ ವಾರ ಪಾಸ್‌ಪೋರ್ಟಿನ ಚೌಕಶಿ ಮಾಡಲು ಠಾಣೆಯ ಜಮಾದಾರ ಬಂದಿದ್ದನಂತೆ. ನಾನು ಪಾಳಿಯಲ್ಲಿದ್ದೆ. ದೇವಿಂದ್ರಪ್ಪ ಅವನ ಜೊತೆ ಚಹಾ ಕುಡಿದು ಮನೆಗಳ ಗುರುತು ಹೇಳಿ ಕಳಿಸಿದನೆಂದು ನಾಲ್ಕು ಜನ ಬಂದು ನನಗೆ ಹೇಳಿದರು. ಒಂದೂವರೆ ತಿಂಗಳ ಮೇಲೆ ಅವನಿಗೆ ಪಾಸ್‌ಪೋರ್ಟು ಬಂತು. ನನಗೆ ಬಂದದ್ದು ಒಂದು ಕಾಗದ. ಬಂದೇಅಲಿ ಎಂಬವನು ಈ ವಿಳಾಸದಲ್ಲಿ ವಾಸವಿಲ್ಲವೆಂದು ಪೊಲೀಸ್ ವರದಿ ಬಂದಿದೆ, ಆದ್ದರಿಂದ ಅರ್ಜಿ ವಜಾ.

ನನ್ನ ತಾಯಿ ಸುಗರಾಬಿ ಕೌದಿ ಹೊಲಿದು ಒಬ್ಬಳೇ ನನ್ನನ್ನು ಸಾಕಿದವಳು. ಮನೆಗೆ ಪೊಲೀಸಿನವರು ಯಾರಾದರೂ ಬಂದಿದ್ದರೇ ಎಂದು ಕೇಳಿದೆ. ಸೂಜಿಯಿಂದ ಕಣ್ಣೆತ್ತದೆ, ಯಾರೂ ಬಂದಿಲ್ಲ ಅಂದಳು. ಹಾಗಾದರೆ ಇನ್ನೇನು ಉಳಿಯಿತು? ಚಹಾ ಕುಡಿಸಿ ಬರೆಸಿದ್ದಾನೆ ಸೂಳೆಮಗ, ಒಬ್ಬನೇ ಹೋಗಿ ಹಾರ ಹಾಕಿಸಿಕೊಳ್ಳಬೇಕಾಗಿದೆ ಅವನಿಗೆ. ಎದ್ದವನೇ ನೆಟ್ಟಗೆ ಅವನ ಮನೆಗೆ ಹೋದೆ.

ಅವನ ತಾಯಿ ಮಹಾದೇವಮ್ಮ ರೊಟ್ಟಿ ಬಡಿಯುತ್ತಿದ್ದಳು. ಅವನು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ. ಆ ತಾಯಿಯ ಎದುರೇ ನಾನು ಆಡಬಾರದ್ದೆಲ್ಲ ಆಡಿದೆ. ಗೋಡೆಗೆ ಒರಗಿಸಿದ್ದ ಅವನ ಚೀಲವನ್ನು ಎಳೆದು, ಈಳಿಗೆಯಿಂದ ಎರಡೂ ಪಟ್ಟಿ ಕೊಯ್ದು ಹಾಕಿದೆ. ದೇವಿಂದ್ರಪ್ಪ ಎದ್ದು ಕಪಾಳಕ್ಕೆ ಬಿಗಿದ. ನಾನೂ ಬಿಡಲಿಲ್ಲ. ಮಹಾದೇವಮ್ಮ ಹಿಟ್ಟಿನ ಕೈಯಲ್ಲೇ ನಮ್ಮ ನಡುವೆ ಬಂದು ನಿಂತಳು.

"ನಾ ಹಂಗ ಮಾಡಿದ್ರ ನನ್ನ ಕೈಗೆ ಹುಳ ಬೀಳ್ಲಿ," ಅಂದ ದೇವಿಂದ್ರಪ್ಪ. ಅವನ ತುಟಿ ಒಡೆದಿತ್ತು.

ಬೀಳಲಿ, ನಾನು ಬಂದು ನೋಡುತ್ತೇನೆ ಅಂದು ಹೊರಬಿದ್ದೆ.

ಆಮೇಲೆ ಅವನು ಕೆಲಸ ಬಿಟ್ಟ. ಬರುವ ಶನಿವಾರ ಹೊರಡುತ್ತಾನಂತೆ ಎಂದು ಊರೆಲ್ಲ ಸುದ್ದಿ. ನಾನು ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಮಲಗಿ ತೊಲೆ ಎಣಿಸುತ್ತಿದ್ದೆ. ಬುಧವಾರ ಮಧ್ಯಾಹ್ನ ಕಿಟಕಿಯಲ್ಲಿ ನೋಡಿದರೆ, ದೇವಿಂದ್ರಪ್ಪ ಆ ಜಮಾದಾರನನ್ನು ಕರೆದುಕೊಂಡು ನಮ್ಮ ಮನೆಯ ಕಡೆಗೇ ಬರುತ್ತಿದ್ದಾನೆ. ಚೀಲ ಕೊಯ್ದದ್ದಕ್ಕೆ ಫಿರ್ಯಾದು ಕೊಟ್ಟನಲ್ಲ ಅಂದುಕೊಂಡೆ. ಕೊಡಲಿ, ಹೊಸ್ತಿಲಿಗೆ ಬಂದ ಕೂಡಲೇ ಅವನ ಎರಡನೇ ತುಟಿಯನ್ನೂ ಒಡೆಯುತ್ತೇನೆ ಎಂದು ಬಾಗಿಲ ಹಿಂದೆ ನಿಂತೆ.

ಬಂದೇಅಲಿ ಇದೇ ಮನೆಯಲ್ಲಿ ಇರುತ್ತಾನಾ ಎಂದು ಜಮಾದಾರ ಕೇಳಿದ. ತಪ್ಪು ವರದಿ ಹೋಗಿದೆಯೆಂದು ಈ ಹುಡುಗ ಮೂರು ದಿನದಿಂದ ಠಾಣೆಯ ಮುಂದೆ ಕೂತಿದ್ದಾನೆ, ಅದಕ್ಕೇ ಮತ್ತೊಮ್ಮೆ ಬಂದೆ ಅಂದ. ಅಮ್ಮ ಎದ್ದು ಹೊಸ್ತಿಲಿಗೆ ಅಡ್ಡ ನಿಂತಳು.

"ಆಗೂ ಹೇಳೀನಲ್ರಿ ಸಾಹೇಬ. ಅಂಥಾವ ಯಾರೂ ಇಲ್ಲಿಲ್ರಿ," ಅಂದಳು.

ವರದಿ ಬರೆಸಿದವಳು ಅಮ್ಮನೇ ಎಂದು ತಿಳಿದು ನಾನು ಬಾಗಿಲ ಹಿಂದೆಯೇ ಉಳಿದೆ. ದೇವಿಂದ್ರಪ್ಪ ನನ್ನ ಹೆಸರು ಹಿಡಿದು ಎರಡು ಸಲ ಕೂಗಿದ. ಒಳಗೇ ಇದ್ದಾನೆ, ನನಗೆ ಗೊತ್ತು ಅಂದ. ಹೆತ್ತ ತಾಯಿಯೇ ಇಲ್ಲ ಅಂದರೆ ನಾನೇನು ಬರೆಯಲಿ ಎಂದು ಗೊಣಗುತ್ತ ಜಮಾದಾರ ಮೂಲೆಯ ಚಹಾದಂಗಡಿಗೆ ನಡೆದ, ಅವನ ಹಿಂದೆಯೇ ದೇವಿಂದ್ರಪ್ಪನೂ ಹೋದ.

ನಾನು ಹೊರಗೆ ಬಂದು ಅಮ್ಮನ ಮೇಲೆ ಹಾರಿಬಿದ್ದೆ. ನಿನಗೆ ಹುಚ್ಚು ಹಿಡಿದಿದೆ, ತಲೆ ನೆಟ್ಟಗಿಲ್ಲ, ನನ್ನ ಅನ್ನಕ್ಕೆ ಕಲ್ಲು ಹಾಕಿದೆ ಎಂದೆಲ್ಲ ಕಿರುಚಿದೆ. ಆಮೇಲೆ ಅವಳು ನಮ್ಮ ಮನೆಮಾತಿನಲ್ಲಿ, ಯಾರದೋ ಮನೆಯ ಸಂಗತಿ ಹೇಳುವವಳ ಹಾಗೆ ಹೇಳಿದಳು.

ಅಪ್ಪ ಜ್ವರದಿಂದ ಸತ್ತನೆಂದೇ ನಾನು ಅಷ್ಟು ವರ್ಷ ನಂಬಿದ್ದೆ. ಜ್ವರ ಇರಲಿಲ್ಲ. ನಲವತ್ತೆಂಟರಲ್ಲಿ ನಿಜಾಮನ ಮೇಲೆ ಭಾರತದ ದಂಡು ಬಂದ ಪೊಲೀಸ್ ಆಕ್ಷನ್ನಿನ ವಾರ, ಆಗ ನಾವು ಹಳ್ಳಿಯಲ್ಲಿದ್ದೆವು, ನನಗೆ ಎರಡು ವರ್ಷ. ಖಾಕಿ ತೊಟ್ಟ ಇಬ್ಬರು ಬಾಗಿಲಿಗೆ ಬಂದರು. ಯಾವ ಕಡೆಯವರೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅಬ್ದುಲ್ ಕರೀಮ್ ಇದೇ ಮನೆಯವನಾ ಎಂದು ಕೇಳಿದರು. ಅಪ್ಪ ಜೋಳದ ಚೀಲಗಳ ಹಿಂದೆ ಅಡಗಿ ಕೂತಿದ್ದ. ಅಮ್ಮ ಹೆದರಿ, ಹೌದು, ಇದೇ ಮನೆ ಅಂದಳು. ಅವನನ್ನು ಕರೆದುಕೊಂಡು ಹೋದರು, ಅವನು ಮತ್ತೆ ಬರಲಿಲ್ಲ.

"ಆವತ್ತು ನಾ ಖರೆ ಹೇಳ್ದೆ," ಅಂದಳು ಅಮ್ಮ. "ಇನ್ನೊಮ್ಮೆ ಹೇಳಂಗಿಲ್ಲ."

ಕೇಳಿಯೂ ನನ್ನ ಸಿಟ್ಟು ಇಳಿಯಲಿಲ್ಲ, ಸುಳ್ಳೇಕೆ ಹೇಳಲಿ. ಅದು ಆಗ, ಇದು ಈಗ, ಇದು ಬರೀ ಪಾಸ್‌ಪೋರ್ಟು ಎಂದು ಕೂಗಿ, ಅವಳ ಕೈ ಕೊಡವಿ ಚಹಾದಂಗಡಿಗೆ ಓಡಿದೆ. ನಾನೇ ಬಂದೇಅಲಿ ಅಂದೆ.

ಜಮಾದಾರ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕೆಟ್ಟವನೇನಲ್ಲ. ಮನೆಯವರು ಎರಡು ಸಲ ಇಲ್ಲ ಅಂದಮೇಲೆ ತನ್ನ ಕೈಯಲ್ಲಿ ಆಧಾರ ಬೇಕು ಅಂದ. ತಾಯಿಯ ಬುದ್ಧಿ ಸ್ಥಿಮಿತದಲ್ಲಿಲ್ಲ, ಅದಕ್ಕೇ ತಪ್ಪು ಹೇಳಿಕೆ ಕೊಟ್ಟಿದ್ದಾಳೆ ಎಂದು ಬರೆದು ಸಹಿ ಮಾಡು, ಇವತ್ತೇ ಕಳಿಸುತ್ತೇನೆ, ತಿಂಗಳೊಳಗೆ ಪಾಸ್‌ಪೋರ್ಟು ಬರುತ್ತದೆ ಅಂದ. ದೇವಿಂದ್ರಪ್ಪ ಜೇಬಿನಿಂದ ಪೆನ್ನು ತೆಗೆದು ಕೈಗಿಟ್ಟ. ನೀನು ಬರುವವರೆಗೆ ಮುಂಬಯಿಯಲ್ಲಿ ಕಾಯುತ್ತೇನೆ ಅಂದ. ಹೊಡೆಸಿಕೊಂಡ ಮೇಲೂ ಅಷ್ಟು ಮಾಡಿದ ಅವನು.

ನಮ್ಮ ತಾಯಿ ಸುಗರಾಬಿ, ಎಂದು ಬರೆದೆ. ಮುಂದಿನ ಮಾತನ್ನು ಅವಳ ಮುಖದ ಮೇಲೆಯೇ ಕೂಗಿ ಬಂದಿದ್ದೆ. ಬರೆಯುವುದಕ್ಕೆ ಏನು ಧಾಡಿ? ಪೆನ್ನು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಕೈ ಮುಂದೆ ಹೋಗಲಿಲ್ಲ.

"ಬರಿಯಪಾ, ಒಂದ ಸಾಲು. ಯಾರ ಓದ್ತಾರ ಅದನ್ನ?" ಅಂದ ದೇವಿಂದ್ರಪ್ಪ.

ನಾನು ಕಾಗದ ಮುದ್ದೆ ಮಾಡಿ ಚಹಾದ ಒಲೆಗೆ ಹಾಕಿದೆ.

"ಅಕಿ ಬುದ್ಧಿ ಚಲೋ ಅದರಿ," ಅಂದೆ ಜಮಾದಾರನಿಗೆ. "ಅಕಿ ಹೇಳಿದ್ದೇ ಬರಕೋರಿ. ಬಂದೇಅಲಿ ಅನ್ನಾಂವ ಇಲ್ಲಿಲ್ಲ."

ದೇವಿಂದ್ರಪ್ಪನಿಗೆ ಅಪ್ಪನ ಸಂಗತಿ ಹೇಳಿದ್ದರೆ ತಿಳಿದುಕೊಳ್ಳುತ್ತಿದ್ದ. ಹೇಳಲಿಲ್ಲ. ಅದು ನನ್ನ ಮನೆಯ ಮಾತು. ಅವನು ಪೆನ್ನು ಕಸಿದುಕೊಂಡು, ಇನ್ನು ನಿನ್ನ ಮಾರಿ ನೋಡುವುದಿಲ್ಲ ಅಂದ. ನಿನ್ನ ಮಾರಿ ಯಾರಿಗೆ ಬೇಕು ಅಂದೆ ನಾನು. ಅಲ್ಲಿಗೆ ನಮ್ಮ ಸ್ನೇಹ ಮುಗಿಯಿತು.

ಮನೆಗೆ ಬಂದಾಗ ಅಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಏನಾಯಿತು ಎಂದು ಕೇಳಲಿಲ್ಲ. ಹೋಗುವುದಿಲ್ಲ ಎಂಬ ಒಂದು ಮಾತು ನನ್ನ ಬಾಯಲ್ಲೇ ಇತ್ತು. ಅದನ್ನೂ ಹೇಳಲಿಲ್ಲ. ನನ್ನ ಲೋಕವೆಲ್ಲ ಇವಳಿಂದ ಹೋಯಿತು, ಒಂದಿಷ್ಟು ಉರಿಯಲಿ ಅನಿಸಿತು. ನನ್ನ ಚೀಲ ತೆಗೆದು, ಬಟ್ಟೆ ಮಡಿಚಿ, ಅವಳಿಗೆ ಕಾಣುವ ಹಾಗೆ ತುಂಬಿಟ್ಟೆ. ಗುರುವಾರ, ಶುಕ್ರವಾರ ಅವಳು ಆ ಹೊಸ್ತಿಲು ಬಿಟ್ಟು ಏಳಲಿಲ್ಲ, ತುತ್ತು ಅನ್ನ ಮುಟ್ಟಲಿಲ್ಲ. ನಾನು ಹೊರಗೆ ಕಾಲಿಟ್ಟಾಗಲೆಲ್ಲ ನನ್ನ ಕೈಯಲ್ಲಿ ಚೀಲವಿದೆಯೇ ಎಂದು ನೋಡುತ್ತಿದ್ದಳು. ನೋಡಿಯೂ ನಾನು ಬಾಯಿ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ದೇವಿಂದ್ರಪ್ಪನನ್ನು ಹಾರ ಹಾಕಿ, ಬ್ಯಾಂಡು ಬಾರಿಸುತ್ತ ನಮ್ಮ ಓಣಿಯಲ್ಲೇ ಸ್ಟೇಷನ್ನಿಗೆ ಕರೆದೊಯ್ದರು. ಅವನು ನಮ್ಮ ಮನೆಯ ಕಡೆ ತಿರುಗಿ ನೋಡಲಿಲ್ಲ. ಗಾಡಿ ಹೋದ ಸದ್ದು ಕೇಳಿಸಿದ ಮೇಲೆ ಅಮ್ಮ ಒಳಗೆ ಬಂದಳು. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅವಳು ನನ್ನ ಕಾಲು ಹಿಡಿದುಕೊಂಡು ಅತ್ತಳು. ಅಪ್ಪನಿಗಾಗಿಯೂ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ನಾನು ಕಾಲು ಎಳೆದುಕೊಂಡೆ.