ಅಲ್ಲ ಅನ್ನೋಳು ಒಬ್ಬಳು

ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ನೂಲಿನ ಬೀರುವಿನ ಪಕ್ಕ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಉಳಿದ ಮೂವರು ಹೆಂಗಸರು ಇಸ್ತ್ರಿ ಮೇಜಿನ ಸುತ್ತ ಕೂರುತ್ತಿದ್ದರು. ಅವರದು ನಿತ್ಯ ಒಂದೇ ಪುರಾಣ: ಕಟಿಂಗ್ ಮಾಸ್ಟರ್ ಎಂಥ ಸಿಡುಕ, ಎಂಥ ಜಂಬಗಾರ.

ಒಂದು ದಿನ ಮಾಸ್ಟರ್ ಅವಳ ಕೆಲಸ ನೋಡಿ, ಹೂಂ ಅನ್ನದೆ ಉಹೂಂ ಅನ್ನದೆ ಹೋದರು. "ಅಬ್ಬಬ್ಬಾ, ಬಾಯಿ ಬಿಟ್ರೆ ಮುತ್ತು ಉದುರಿಬಿಡುತ್ತೇನೋ!" ಎಂದು ಅವಳು ಗೊಣಗಿದ್ದೇ ತಡ, ಮೂವರೂ ಘೊಳ್ಳೆಂದು ನಕ್ಕರು. ಕಾಲರ್ ಹೊಲಿಯುವ ದೊಡ್ಡಕ್ಕ ಬಟ್ಟೆಯ ಗಂಟು ಸರಿಸಿ, "ಬಾರೇ, ಇಲ್ಲಿ ಕೂತ್ಕೋ," ಎಂದಳು.

ಅಲ್ಲಿಂದ ಅವಳು ಆ ಮೇಜಿನವಳಾದಳು. ಮಾಸ್ಟರ್ ಮೇಲೆ ದಿನಕ್ಕೊಂದು ಹೊಸ ದೂರು ಹೊತ್ತು ತರುವಷ್ಟು ಹುರುಪು ಅವಳಿಗೆ.

ಹೀಗಿರುವಾಗ ಒಂದು ಸಂಜೆ ಎಡವಟ್ಟಾಯಿತು. ನರ್ಸುಗಳ ಹತ್ತು ಕೋಟುಗಳಿಗೆ ಬಿಳಿ ಗುಂಡಿಯ ಬದಲು ಕೆನೆಬಣ್ಣದ್ದು ಹಚ್ಚಿಬಿಟ್ಟಿದ್ದಳು. ಮೂವರೂ ಆಗಲೇ ಮನೆಗೆ ಹೊರಟುಹೋಗಿದ್ದರು. ಕೋಟುಗಳು ಮಾಸ್ಟರ್ ಕಣ್ಣಿಗೆ ಬಿದ್ದಾಗ ಅವಳು ಎದ್ದು ನಿಂತಳು. ಅವರು ಮಾಲೀಕರ ಕೋಣೆಯ ಕಡೆ ಒಮ್ಮೆ ನೋಡಿ, ಸ್ಟೂಲ್ ಎಳೆದುಕೊಂಡು ಕೂತರು. "ನಾನು ಬಿಚ್ತೀನಿ, ನೀನು ಹಚ್ಚು," ಅಂದರು, ಅಷ್ಟೇ. ಎಲ್ಲ ಮುಗಿದ ಮೇಲೆ, "ಬಸ್ ತಪ್ಪುತ್ತೆ, ಹೊರಡು."

ಮರುದಿನ ಊಟಕ್ಕೆ ದೊಡ್ಡಕ್ಕ ಶುರುಮಾಡಿದಳು. "ಆ ಮನುಷ್ಯನ ಎದೇಲಿ ಹೃದಯ ಇಲ್ಲ, ಕತ್ತರಿ ಇದೆ." ಮೂವರೂ ಹೊಸಬಳತ್ತ ತಿರುಗಿದರು, ಮುಂದಿನ ಮಾತು ಅವಳದೇ ಎಂಬಂತೆ. ಅವಳು ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲೇ ಇಟ್ಟಳು.

"ಇಲ್ಲ ದೊಡ್ಡಕ್ಕ, ಅವರು ಅಂಥೋರಲ್ಲ," ಎಂದು ನಡೆದದ್ದನ್ನೆಲ್ಲ ಹೇಳಿದಳು.

ಊಟದ ಡಬ್ಬಿಗಳು ಅಂದು ಬೇಗ ಮುಚ್ಚಿದವು.

ಅದರ ಮರುದಿನ ಅವಳು ಯಾರೂ ಹೇಳದೆಯೇ ಡಬ್ಬಿ ಹಿಡಿದು ನೂಲಿನ ಬೀರುವಿನ ಕಡೆ ಹೊರಟಳು.

"ಏಯ್, ಎಲ್ಲಿಗೇ?" ದೊಡ್ಡಕ್ಕನ ದನಿ.

"ನಿಮ್ಮ ಹಾಗೆ ಬೈಯೋಕೆ ನನ್ನ ಕೈಲಾಗಲ್ಲ ಅಕ್ಕ."

"ಬೈಯೋಕೆ ನಾವು ಮೂವರು ಸಾಲದಾ? ಇಷ್ಟು ವರ್ಷ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೂಂಗುಟ್ಟಿ ಬಾಯೆಲ್ಲ ಸಪ್ಪೆ. ಅಲ್ಲ ಅನ್ನೋಳು ಒಬ್ಬಳು ಬೇಕು ಕಣೇ. ಬಾ, ಕೂತು ವಾದ ಮಾಡು."

ಅವಳ ಕಣ್ಣು ತುಂಬಿತು. ಕೂತಳು. ಕೂತವಳೇ ವಾದಕ್ಕಿಳಿದಳು. ನಾಲ್ವರ ದನಿ ಸೂರು ಮುಟ್ಟಿದಾಗ ಮಾಸ್ಟರ್ ಬಾಗಿಲಲ್ಲಿ ಇಣುಕಿದರು.

"ಏನಮ್ಮಾ ಗಲಾಟೆ?"

"ಏನಿಲ್ಲ ಮಾಸ್ಟ್ರೇ, ಊಟ," ಎಂದಳು ದೊಡ್ಡಕ್ಕ. ಅವರು ಆಚೆ ಹೋಗುವವರೆಗೂ ನಾಲ್ವರೂ ನಗು ತಡೆಯಲು ಹೆಣಗಿದರು.