ಅಳತೆಗೆ ಹಾಸಿದ ಟವೆಲ್ಲು

ಅದು ನೂಲೇ, ಕರಿ ನೂಲು, ಒಂದರ ಮೇಲೊಂದು ಅಡ್ಡಡ್ಡ ಸುತ್ತಿ ಸುತ್ತಿ ಕೊಳವೆ ಮಾಡಿದ್ದಾರೆ, ತುದಿಯಲ್ಲಿ ಹರಿದ ಎಳೆಗಳು ಗಾಳಿಗೆ ಅಲ್ಲಾಡುತ್ತಿವೆ — ಅನಸವ್ವನ ರಾಟಿ ನಿಂತಿತು, ಅರ್ಧ ಸುತ್ತಿದ ನೂಲಿನ ಕಂಡಿಕೆ ಬೆರಳಲ್ಲೇ ಉಳಿಯಿತು, ಟಿವಿಯಲ್ಲಿ ಕೋಟು ಹಾಕಿದವನು ಹೇಳುತ್ತಲೇ ಇದ್ದ, ಇಲ್ಲಿ ಬಿದ್ದಿರುವ ಈ ಕ್ಷಿಪಣಿ ಯಾವುದೆಂದು ಯಾರಿಗೂ ಗೊತ್ತಾಗಿಲ್ಲ, ಈ ಯುದ್ಧದಲ್ಲಿ ಇಂಥದ್ದನ್ನು ಮೊದಲ ಸಲ ನೋಡುತ್ತಿದ್ದೇವೆ, ಉದ್ದ ಸಿಕ್ಕರೆ ಜಾತಿ ಗೊತ್ತಾದೀತು, ಎಲ್ಲಿಂದ ಬಂತೆಂಬುದೂ ಗೊತ್ತಾದೀತು — ಇಷ್ಟು ಓದಿದವರಿಗೆ ನೂಲು ಕಾಣಲಿಲ್ಲವೇ, ಬನಹಟ್ಟಿಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು, ಅವಳಿಗೆ ಒಳಗೊಳಗೇ ನಗು ಬಂತು, ಪಡಸಾಲೆಯಾಚೆ ಗಂಡ ವಿಠೋಬಾನ ಮಗ್ಗ ಖಟಖಟ ಎನ್ನುತ್ತಿತ್ತು, ಕರೆದು ತೋರಿಸಬೇಕು ಎಂದುಕೊಂಡಳು, ಅಷ್ಟರಲ್ಲಿ ಕೊಳವೆಯ ಪಕ್ಕ ಅಳತೆ ತಿಳಿಯಲೆಂದು ಯಾರೋ ಹಾಸಿದ್ದ ಬಟ್ಟೆ ಕಂಡಿತು, ನೀಲಿ ಚೌಕಳಿ ಟವೆಲ್ಲು, ನೀಲಿಯ ನಡುವೆ ಒಂದೇ ಒಂದು ಕೆಂಪು ಎಳೆ, ನಗು ಅಲ್ಲಿಗೇ ನಿಂತಿತು.

ನೀಲಿ ಟವೆಲ್ಲು ಲೋಕದಲ್ಲಿ ಎಷ್ಟೋ ಇರುತ್ತವೆ, ಇರಲಿ, ಆದರೆ ಆ ಕೆಂಪು ಎಳೆ ಅವಳದೇ, ಮಗಳು ವಂದನಾ ಹೊರಡುವ ಹಿಂದಿನ ದಿನ ಹಳೆಯ ಕೈಮಗ್ಗದಲ್ಲಿ ನೇಯುತ್ತ ಕಣ್ಣು ತುಂಬಿ ಅನಸವ್ವ ಲಾಳಿಗೆ ನೀಲಿಯ ಬದಲು ಕೆಂಪು ಕಂಡಿಕೆ ಹಾಕಿದ್ದಳು, ಲಾಳಿ ಒಮ್ಮೆ ದಾಟಿದ ಮೇಲೆ ಗೊತ್ತಾಯಿತು, ಮಾರುವ ಮಾಲಾಗಿದ್ದರೆ ಕಿತ್ತು ಮತ್ತೆ ನೇಯುತ್ತಿದ್ದಳು, ಆದರೆ ಅತ್ತೆ ಇಂದ್ರವ್ವ ಬದುಕಿದ್ದಾಗ ಹೇಳುತ್ತಿದ್ದಳು, ಮನಿ ಮಕ್ಕಳಿಗೆ ನೇಯ್ದದ್ದನ್ನ ಬಿಚ್ಚಬಾರದು ಬೇ, ತಪ್ಪಿದ್ರೂ ಇರ್ಲಿ, ಮಕ್ಕಳು ಹೋದಲ್ಲಿ ಗಟ್ಟಿ ಇರ್ತಾವು — ಬಿಚ್ಚಲಿಲ್ಲ, ವಂದನಾ ನೋಡಿ ನಕ್ಕಿದ್ದಳು, ಛಲೋ ಆತು ಬಿಡವ್ವಾ, ಗುರುತಿಗೆ ಬರತೈತಿ, ಹಾಗೆಂದು ಮಡಚಿಕೊಂಡು ಈಗ ಯುದ್ಧ ನಡೆದಿರುವ ಆ ದೇಶಕ್ಕೆ ಹೋದಳು, ಅಲ್ಲೊಬ್ಬ ಅಜ್ಜಿಯ ಮನೆಯಲ್ಲಿದ್ದು ಅವಳ ಮೈ ತೊಳೆಯುವ, ಉಣಿಸುವ ಕೆಲಸ, ಯುದ್ಧ ಸುರುವಾದ ಮೇಲೆ ದಿನಾ ಫೋನಿನಲ್ಲಿ ಅದೇ ಮಾತು, ಇಲ್ಲೇನಿಲ್ಲವ್ವಾ, ಬೀಳೂದೆಲ್ಲ ಭಾಳ ದೂರ, ನಮ್ಮ ಮನಿಯಿಂದ ಗಲಗಲಿ ಊರು ಇದ್ದಷ್ಟು — ಅನಸವ್ವ ನಂಬಿದ್ದಳು, ಓಣಿಗೆಲ್ಲ ಹೇಳಿದ್ದಳು, ಈಗ ಕಣ್ಣು ತಾನಾಗಿಯೇ ಅಳೆಯುತ್ತಿದೆ, ಟವೆಲ್ಲು ಮೂರು ಮೊಳ, ಕೊಳವೆ ಅಂಥ ನಾಲ್ಕು ಟವೆಲ್ಲು, ಹನ್ನೆರಡು ಮೊಳ, ಎಲ್ಲಿಂದ ಬಂತೋ ಕೋಟಿನವನು ಹುಡುಕಲಿ, ಎಲ್ಲಿ ಬಿತ್ತೆಂದು ಅವಳಿಗೆ ಗೊತ್ತಾಯಿತು, ಮಗಳಿರುವ ಮನೆಯ ಹತ್ತಿರವೇ, ಆದರೆ ಟವೆಲ್ಲು ಹಾಸಿದವರು ಯಾರು, ಮಗಳೇ ಹಾಸಿದಳೋ, ಅವಳ ಸಾಮಾನಿನಿಂದ ಬೇರೆಯವರು ತೆಗೆದು ಹಾಸಿದರೋ.

ಫೋನು ಹಚ್ಚಿದಳು, ಹತ್ತಲಿಲ್ಲ, ಮತ್ತೆ ಹಚ್ಚಿದಳು, ನಾಲ್ಕನೇ ಸಲಕ್ಕೆ ಅವ್ವಾ ಎಂಬ ದನಿ, ಹೋದ ಜೀವ ಬಂತು, ಬೆನ್ನಿಗೇ ಸಿಟ್ಟೂ ಬಂತು — ಊಟ ಆತೇನವ್ವಾ ಎಂದಳು ಮಗಳು, ಟಿವಿ ನೋಡಬ್ಯಾಡ, ಅದು ಬಿದ್ದದ್ದು ದೂರ, ಗಲಗಲಿಯಷ್ಟು ದೂರ — ನಿನ್ನ ಟವೆಲ್ಲು ಎಲ್ಲೈತಿ ಎಂದಳು ಅನಸವ್ವ, ಒಗದು ಹಾಕೇನವ್ವಾ ಎಂದಳು ಮಗಳು, ಎಲ್ಲಿ ಹಾಕೀದಿ, ಅಂಗಳದಾಗ — ಸುಳ್ಳಿ, ನಿನ್ನ ಟವೆಲ್ಲು ನಾನು ನೋಡೇನಿ ಎನ್ನುವ ಮಾತು ಹಲ್ಲಿನ ತನಕ ಬಂತು, ಅಲ್ಲೇ ಕಚ್ಚಿ ಹಿಡಿದಳು, ಈ ಸುಳ್ಳೂ ಮನೆಯವರಿಗಾಗಿ ನೇಯ್ದದ್ದು, ಬಿಚ್ಚಬಾರದು, ಎರಡು ವರ್ಷದ ಕರಾರು ಮುಗಿಯುವ ತನಕ ಆ ಹುಡುಗಿ ಹೊದ್ದುಕೊಳ್ಳಲು ಇನ್ನೇನಿದೆ, ಒಣಗಿದ ಮ್ಯಾಲ ಒಳಗ ತಗೋ ಮಗಳ ಎಂದಳು, ಹೂಂ ಅವ್ವಾ, ತಗೋತೇನಿ ಎಂದಳು ಮಗಳು — ಮಗ್ಗ ನಿಲ್ಲಿಸಿ ವಿಠೋಬಾ ಬಾಗಿಲಿಗೆ ಬಂದ, ಏನಂದ್ಳು ವಂದನಾ ಎಂದ, ದೂರ ಬಿದ್ದೈತಂತ್ರಿ ಎಂದಳು, ಗಲಗಲಿಯಷ್ಟು ದೂರ, ಅವನು ಉಸಿರು ಬಿಟ್ಟು ಒಳಗೆ ಹೋದ, ಮಗ್ಗ ಮತ್ತೆ ಖಟಖಟ ಎಂದಿತು, ಅನಸವ್ವ ರಾಟಿಗೆ ಕೈ ಹಾಕಿದಳು, ತಿರುಗಿಸಲಾಗಲಿಲ್ಲ, ಟಿವಿಯಲ್ಲಿ ಅದೇ ಚಿತ್ರ ಮತ್ತೆ ಬಂತು, ಕರಿ ಕೊಳವೆ, ಪಕ್ಕದಲ್ಲಿ ಟವೆಲ್ಲು, ನೀಲಿಯ ನಡುವೆ ಒಂದು ಕೆಂಪು ಎಳೆ, ಕೆಂಪು ಎಳೆ…